ಮೈಕಿನ ಹಮೀದಾಕನ ಜಪಾನು

“ಇದು ನಿನ್ನಿಂದ ಆಗುವ ಕೆಲಸವೇ ಅಲ್ಲ” ಎಂದವರು ನನ್ನ ಪ್ರಾಜೆಕ್ಟಿನ ಗೈಡ್ ಸಾರ್. ನನಗೆ ಬಿ.ಎ. ಕೊನೆಯ ವರ್ಷ. ಜಪಾನಿನ ಪ್ರೊಗ್ರೆಸಿವ್ ಮತ್ತು ಸೈಕೆಡೆಲಿಕ್ ರಾಕ್ ಸಂಗೀತದ ಬಗ್ಗೆ ಬರೆಯುತ್ತೇನೆಂದು ಮೂಡುಬಿದಿರೆಯ ಕಾಲೇಜಿನ ಸ್ಟಾಫ್‌ರೂಮಿನಲ್ಲಿ ಹೇಳಿದ್ದೆ. “ನಿನ್ನ ಅಮ್ಮ ಬೀಡಿ ಕಟ್ಟುವುದಲ್ಲವಾ? ಬೀಡಿಯವರ ಕಷ್ಟ ಬರೆ, ಚಂದ ಬರ್ತದೆ.” ನಮ್ಮ ಮನೆಯಲ್ಲಿ ಕಾಲೇಜು ಕಂಡವಳು ನಾನೇ ಮೊದಲು. ಮೊದಲು ಕಂಡವರು ತಮ್ಮ ಬಡತನವನ್ನಷ್ಟೇ ಬರೆಯಬೇಕು, ಜಪಾನು ಬೇರೆಯವರ ಪಾಲು ಎಂದು ಯಾವ ಪುಸ್ತಕದಲ್ಲಿದೆ? ಆ ಸಿಟ್ಟು ಇವತ್ತಿಗೂ ಇಳಿದಿಲ್ಲ.

ನನಗೆ ಜಪಾನು ಸಿಕ್ಕಿದ್ದು ನಮ್ಮೂರು ಮಡಂತ್ಯಾರಿನಲ್ಲಿ, ಊರೆಲ್ಲ ಹಮೀದಾಕ ಎನ್ನುವ ಹಮೀದ್ ಕಾಕನ ಮೈಕಿನ ಅಂಗಡಿಯಲ್ಲಿ. ಅಮ್ಮ ಕಟ್ಟಿದ ಬೀಡಿ ಕೊಡಲು ಪಕ್ಕದ ಬೀಡಿ ಕಂಪನಿಯ ಬ್ರಾಂಚಿನಲ್ಲಿ ಸಾಲು ನಿಂತಾಗ ನಾನು ಅವರ ಅಂಗಡಿಯ ಸ್ಪೀಕರ್ ಪೆಟ್ಟಿಗೆಯ ಮೇಲೆ ಕುಳಿತು ಶಾಲೆಯ ಲೆಕ್ಕ ಮಾಡುತ್ತಿದ್ದೆ. ಬಂಟ್ವಾಳದಿಂದ ಬೆಳ್ತಂಗಡಿವರೆಗೆ ಮದುವೆ, ಉರೂಸು, ಭೂತಕೋಲ, ಯಕ್ಷಗಾನ, ಎಲ್ಲದಕ್ಕೂ ಅವರದೇ ಮೈಕು. ಎಡಗಿವಿ ಮುಂದೆ ಮಾಡಿ, ತಲೆ ವಾಲಿಸಿ ನಡೆಯುತ್ತಿದ್ದರು. ಅವರಿಗೆ ಒಬ್ಬನೇ ವೈರಿ: ಮೈಕಿನ ಕೂಗು. ಸ್ಪೀಕರಿನ ಸದ್ದು ತಿರುಗಿ ಮೈಕಿಗೇ ಹೊಕ್ಕು ಕುಂಯ್ ಎನ್ನುತ್ತದಲ್ಲ, ಅದು. “ಮೈಕು ಕೂಗಿದರೆ ತಪ್ಪು ಮೈಕಿನದ್ದಲ್ಲ, ಇಟ್ಟವನದ್ದು” ಎನ್ನುತ್ತಿದ್ದರು.

ಹಿಂದೆ ಅವರು ಸೌದಿಯ ದಮ್ಮಾಮಿನಲ್ಲಿ ಕೆಲಸದಲ್ಲಿದ್ದಾಗ ತನ್ನೂರಿಗೆ ಹೊರಟ ಜಪಾನಿ ಎಂಜಿನಿಯರೊಬ್ಬ ಒಂದು ರಟ್ಟಿನ ಪೆಟ್ಟಿಗೆ ತುಂಬ ಕ್ಯಾಸೆಟ್ ಕೊಟ್ಟು ಹೋಗಿದ್ದನಂತೆ. ಇಲ್ಲಿ ಅಂಗಡಿಯಲ್ಲಿ ಮೊದಲನೆಯದನ್ನು ಹಾಕಿದಾಗ ಗಿಟಾರು ಕುಂಯ್ ಎಂದಿತು. ಹಮೀದಾಕ ಎದ್ದು ಆಂಪ್ಲಿಫಯರ್ ನೋಡಿದರು, ವಯರು ಬಿಡಿಸಿದರು, ಅರ್ತಿಂಗ್ ಬದಲಿಸಿದರು. ಕೂಗು ನಿಲ್ಲಲಿಲ್ಲ. ಅರ್ಧ ದಿನ ಬಿಚ್ಚಿ ಜೋಡಿಸಿದ ಮೇಲೆ ಗೊತ್ತಾಯಿತು, ಕೂಗು ಹಾಡಿನೊಳಗೇ ಉಂಟು, ಬೇಕೆಂದೇ ಇಟ್ಟದ್ದು.

“ನಾನು ಜೀವಮಾನವಿಡೀ ಓಡಿಸಿದ್ದನ್ನು ಅವರು ಒಳಗೆ ಕರೆದು, ಮಣೆ ಹಾಕಿ, ಊಟ ಬಡಿಸಿದ್ದಾರೆ ಮಾರಾಯ್ತಿ!”

ಇಪ್ಪತ್ತು ನಿಮಿಷದ ಹಾಡಿಗೆ ನನ್ನ ತಲೆಗೆ ಹೆಡ್‌ಫೋನ್ ಸಿಕ್ಕಿಸಿ, ಮೇಜಿನ ಮೇಲೆ ಏಳು ಪೆಟ್ಟು ಎಣಿಸಿ ತೋರಿಸುತ್ತಿದ್ದರು. “ಕೇಳು, ನಮ್ಮ ಯಕ್ಷಗಾನದ ತ್ರಿವುಡೆ ತಾಳ. ಭಾಗವತರು ಒಬ್ಬರು ಇಲ್ಲ, ಅಷ್ಟೇ.” ಕ್ಯಾಸೆಟ್ಟಿನ ಜಪಾನಿ ಅಕ್ಷರ ಓದಲು ಬಾರದೆ ತಾವೇ ಹೆಸರಿಟ್ಟಿದ್ದರು: ‘ಲಾರಿ ಘಾಟಿ ಹತ್ತುವುದು’, ‘ಹೆಂಡತಿಯ ಸಿಟ್ಟು’. ಒಮ್ಮೆ ನನ್ನ ಮೊಬೈಲಿನಲ್ಲಿ ಫೋಟೋ ಹೊಡೆದು ಅನುವಾದ ಮಾಡಿದೆ. ‘ಹೆಂಡತಿಯ ಸಿಟ್ಟು’ ಇದ್ದ ಕ್ಯಾಸೆಟ್ಟಿನ ಮೇಲೆ ಬರೆದದ್ದು ಬರೇ ‘ಎರಡನೇ ಬದಿ’!

“ಅವರು ಹೆಸರು ಇಡದಿದ್ದರೆ ನಾನು ಇಟ್ಟದ್ದೇ ಹೆಸರು” ಎಂದರು ಹಮೀದಾಕ, ಒಂಚೂರೂ ನಾಚದೆ.

ಊರಿನವರು ಬಾಯಿಗೆ ಬಂದಂತೆ ಆಡಿಕೊಂಡರು. ಮುಸ್ಲಿಂ ಬ್ಯಾರಿಯ ಅಂಗಡಿಯಲ್ಲಿ ಹುಡುಗಿಯನ್ನು ಯಾಕೆ ಕೂರಿಸ್ತಿ ಎಂದು ಬೀಡಿಯ ಸಾಲಿನಲ್ಲೇ ಅಮ್ಮನನ್ನು ಕೇಳಿದವರಿದ್ದಾರೆ. ಅಮ್ಮ “ನಿಮ್ಮ ಮನೆಯ ಮದುವೆಗೆ ಮೈಕು ಯಾರದ್ದು?” ಎಂದು ಕೇಳಿ ಬಾಯಿ ಮುಚ್ಚಿಸಿದ್ದಳು.

ಸಾರ್ ಬೇಡವೆಂದರೂ ನಾನು ಬರೆದೆ. ನಮ್ಮೂರಿನ ಮೈಕಿನವರು ಓಡಿಸುವ ಕೂಗು ಜಪಾನಿನವರ ಕೈಯಲ್ಲಿ ರಾಗವಾದದ್ದು ಹೇಗೆ, ಇದೇ ವಿಷಯ. ಹಮೀದಾಕ ಹೇಳಿದ್ದನ್ನು ಅವರ ಹೆಸರು ಹಾಕಿಯೇ ಬರೆದೆ. ಟೈಪಿಂಗ್ ಮುಗಿಯುವ ವಾರ ಅವರು ಹೃದಯಾಘಾತವಾಗಿ ತೀರಿಕೊಂಡರು. ಒಂದು ಪುಟವನ್ನೂ ನೋಡಲಿಲ್ಲ.

ಸಾರ್ ಮಾತ್ರ ಎಲ್ಲ ಪುಟ ನೋಡಿದರು. “ವಿಷಯ ಪರವಾಗಿಲ್ಲ. ಆದರೆ ಎಂಟನೇ ಕ್ಲಾಸು ಓದಿದ ಮೈಕಿನವನ ಹೆಸರು ಪುಟಪುಟದಲ್ಲೂ ಯಾಕೆ? ತೆಗೆ. ನಿನ್ನದೇ ವಿಚಾರ ಅಂತ ಬರೆ. ಫಸ್ಟ್ ಕ್ಲಾಸಿಗೆ ಬೇಕಾದ ಅಂಕ ಕೊಡ್ತೇನೆ.”

“ವಿಚಾರ ಅವರದ್ದು ಸಾರ್.”

“ಸತ್ತವನು ಬಂದು ಕೇಳ್ತಾನಾ?”

“ತೆಗೆಯುವುದಿಲ್ಲ ಸಾರ್” ಎಂದು ಪ್ರಾಜೆಕ್ಟನ್ನು ಹಾಗೆಯೇ ಮೇಜಿನ ಮೇಲಿಟ್ಟು ಬಂದೆ. ಮೂರು ಅಂಕದಲ್ಲಿ ಫಸ್ಟ್ ಕ್ಲಾಸ್ ತಪ್ಪಿತು. ಜಪಾನಿನ ಬಗ್ಗೆ ಬರೆದು ಪಾಸಾಗಲು ನನ್ನಿಂದ ಆಗುವುದಿಲ್ಲ ಎಂದಿದ್ದರಲ್ಲ, ಆಗಿದೆ. ಅಷ್ಟನ್ನು ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

ಸರ್ಟಿಫಿಕೇಟು ಬಂದ ದಿನ ತಂದು ಅಮ್ಮನ ಕೈಯಲ್ಲಿಟ್ಟೆ. ಅವಳು ಮೊರದಂಥ ಬೀಡಿಯ ತಡ್ಪೆ ಬದಿಗೆ ಸರಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡು ಹಿಡಿದಳು.

“ಎಷ್ಟನೇ ಕ್ಲಾಸು?”

“ಸೆಕೆಂಡ್.”

“ಫಸ್ಟ್ ಬರ್ತದೆ ಅಂತ ಹೇಳಿದ್ದಿಯಲ್ಲ?”

“ಹಮೀದಾಕನ ಹೆಸರು ತೆಗೆದಿದ್ದರೆ ಬರ್ತಿತ್ತು.”

ಅಮ್ಮ ನನ್ನ ಮುಖ ನೋಡಿ ಹೇಳಿದಳು: “ತೆಗೆದು ಬಂದಿದ್ದರೆ ನಿನ್ನನ್ನು ಇವತ್ತು ಮನೆಯೊಳಗೆ ಸೇರಿಸ್ತಿರಲಿಲ್ಲ.”