ಹೊಳಬಸಪ್ಪನವರ ಹೈಬ್ರಿಡ್ ಕಾರು
ಮಹಾಲಿಂಗಪುರದ ಬೆಲ್ಲದ ವ್ಯಾಪಾರಿ ಹೊಳಬಸಪ್ಪನವರು ಹಳೇ ಡೀಸೆಲ್ ಜೀಪು ಮಾರಿ ಹೈಬ್ರಿಡ್ ಕಾರು ತಂದ ಮೇಲೆ, ಅದರ ಪಾಠ ಕೇಳದೆ ಪೇಟೆಯಲ್ಲಿ ಯಾರೂ ಚಹಾ ಕುಡಿದಿಲ್ಲ. “ಎರಡೆತ್ತಿನ ಗಾಡಿ ಇದ್ದಂಗರೀ. ಒಂದು ಪೆಟ್ರೋಲ್ ಎಂಜಿನ್ನು, ಒಂದು ಬ್ಯಾಟರಿ ಮೋಟಾರು. ಮೆಲ್ಲಕ ಹೊಂಟ್ರ ಮೋಟಾರ್ ಒಂದ ಎಳಿತೈತಿ, ಜೋರು ಹೊಂಟ್ರ ಎರಡೂ ಹೆಗಲ ಕೊಡ್ತಾವು. ಬ್ರೇಕ್ ಹಾಕಿದ್ರ ಬ್ಯಾಟರಿ ತಾನ ತುಂಬತೈತಿ, ಎಣ್ಣಿ ಉಳಿತೈತಿ!” ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡರೆ ಉಳಿದವರು ಹಾರ್ನ್ ಒತ್ತುತ್ತಾರೆ, ಇವರು ಎಂಜಿನ್ ಬಂದ್ ಆದ ಖುಷಿಗೆ ನಗುತ್ತಾರೆ. ಮೊನ್ನೆ ನನ್ನನ್ನೂ ಕೂರಿಸಿಕೊಂಡು ಹೊರಟು ಹಾಗೆ ನಿಂತಾಗ, ಪಕ್ಕದಲ್ಲಿದ್ದ ಹೆಂಡತಿ ರತ್ನಾಬಾಯಿ ಸಣ್ಣ ದನಿಯಲ್ಲಿ ಹಾಡುತ್ತಿದ್ದುದು ಅವರಿಗೆ ಕೇಳಿಸಿತು. “ಹಾಡು ಯಾವಾಗ ಕಲ್ತಿ?” ಎಂದರು. “ಜೀಪಿನಾಗೂ ಹಾಡ್ತಿದ್ನಿರಿ,” ಎಂದರು ಆಕೆ. ಹಿಂದಿನ ಸೀಟಿನಲ್ಲಿದ್ದ ನನಗೆ ಆವತ್ತು ಪಾಠ ಸಿಗಲಿಲ್ಲ. ದಾರಿ ತೆರವಾದ ಮೇಲೂ ಹೊಳಬಸಪ್ಪನವರು, ಎಂಜಿನ್ ಶುರುವಾಗದ ಹಾಗೆ, ಮೆಲ್ಲಗೇ ನಡೆಸಿದರು.