ಮಾವನ ರೇಡಿಯೋ, ಅಕ್ಕನ ಎಮ್ಮಿ

ಕರ್‌ರ್... ಸೊಂಯ್... ಆಮೇಲೆ ಒಮ್ಮೆಲೇ ಇಂಗ್ಲಿಷ್ ನ್ಯೂಸ್. ಜೇವರ್ಗಿಯ ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದದ್ದು ಹೀಗೆ. ಮಾವನವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನನಗಾಗಿ ರೇಡಿಯೋ ಹಚ್ಚುತ್ತಿದ್ದರು. ಕಾನ್ವೆಂಟಿನಲ್ಲಿ ಓದಿ, ಗುಲ್ಬರ್ಗಾದ ಲಾ ಕಾಲೇಜಿಗೆ ಎರಡು ವರ್ಷ ಹೋಗಿ, ಫೈನಲ್ ಎಕ್ಸಾಮಿನ ಮೊದಲೇ ಮದುವೆಯಾಗಿ ಬಂದ ಸಣ್ಣ ಸೊಸೆ ನಾನು.

"ಈ ರೇಡಿಯೋ ನಿನಗ ಕೊಟ್ಟೇನವ್ವಾ" ಎಂದು ವಾರಕ್ಕೊಮ್ಮೆಯಾದರೂ ಅನ್ನುತ್ತಿದ್ದರು. ಹಾಗೆ ಅಂದು, ತಮ್ಮ ತಲೆದಿಂಬಿನ ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದರು. ನಾನು ಸ್ಟೇಷನ್ ಬದಲಿಸಲು ಹೋದರೆ, "ಏ, ಮುಟ್ಟಬ್ಯಾಡ, ಕೆಡ್ತದ!" ಸ್ವೀಟ್ ಓಲ್ಡ್ ಮ್ಯಾನ್.

ಎಮ್ಮೆಯ ವಿಷಯದಲ್ಲಿ ಮಾತ್ರ ಅವರ ರೀತಿ ಬೇರೆ. ನನ್ನ ಗಂಡನ ಅಕ್ಕ, ನಾನೂ ಅಕ್ಕ ಎಂದೇ ಕರೆಯುತ್ತಿದ್ದೆ, ಅಫಜಲಪುರದ ಕಡೆ ಮದುವೆ ಮಾಡಿ ಕೊಟ್ಟಿದ್ದರು, ಗಂಡ ತೀರಿಕೊಂಡ ಮೇಲೆ ಬರಿಗೈಯಲ್ಲಿ ತವರಿಗೆ ಬಂದರು. ಅದೇ ವಾರ ಕೊಟ್ಟಿಗೆಯಲ್ಲಿ ಎಮ್ಮೆ ಹೆಣ್ಣುಗರು ಹಾಕಿತು. ಮಾವನವರು ಓಣಿಯ ನಾಲ್ಕು ಜನರನ್ನು ಕರೆದು ಹೇಳಿದರು: "ಈ ಕರ ನನ್ನ ಮಗಳದ. ನಾ ಬರೇ ಮೇಸಾಂವ."

ಆ ಕರು ದೊಡ್ಡ ಎಮ್ಮೆಯಾಯಿತು. ಕಟ್ಟಿದ್ದು ನಮ್ಮ ಕೊಟ್ಟಿಗೆಯಲ್ಲೇ, ತಿಂದದ್ದು ನಮ್ಮ ಹೊಲದ ಮೇವನ್ನೇ. ಆದರೆ ಬೀಗರು ಬಂದರೆ ಮಾವನವರು ಹಿತ್ತಲ ಕಡೆ ಮುಖ ಮಾಡಿ, "ಯವ್ವಾ, ನಿನ್ನ ಎಮ್ಮಿ ಹಾಲಿನಾಗ ಚಾ ಮಾಡಸ್ಲೇನು?" ಎಂದು ಕೇಳುತ್ತಿದ್ದರು. ಇದೆಂಥ ಫಾರ್ಮಾಲಿಟಿ ಎಂದು ನನಗೆ ನಗು ಬರುತ್ತಿತ್ತು. ಒಮ್ಮೆ ಖಜೂರಿ ಕಡೆಯ ವ್ಯಾಪಾರಿಯೊಬ್ಬ ಬಂದು ಒಳ್ಳೆ ಬೆಲೆ ಹೇಳಿದ. ಮಾವನವರು ಎದ್ದೂ ನೋಡಲಿಲ್ಲ. "ನಂದಲ್ರಿ ಅದು. ಮಗಳ್ನ ಕೇಳ್ರಿ." ಅಕ್ಕ ಒಲ್ಲೆನೆಂದರು. ವ್ಯಾಪಾರಿ ಚಹಾ ಕುಡಿದು ಹೋದ.

ಎಂಬತ್ತರ ದಶಕದ ಕೊನೆಗೆ ಮಾವನವರು ತೀರಿಕೊಂಡರು. ಅಣ್ಣತಮ್ಮಂದಿರು ಪಾಲಾಗಲು ಹಿರಿಯರನ್ನು ಕೂಡಿಸಿದರು. ಪಾಲಿನ ಕಾಗದದಲ್ಲಿ ಅಕ್ಕನ ಹೆಸರೇ ಇರಲಿಲ್ಲ. ಎಮ್ಮೆ ಇತ್ತು, ಎತ್ತುಗಳ ಕೆಳಗೆ. ಅದು ಕೈಯಲ್ಲಿದ್ದರೆ ಮೊಸರು ಮಾರಿ ಅವರು ತಮ್ಮ ಪಾಡಿಗೆ ಬದುಕಬಹುದು. ಇಲ್ಲದಿದ್ದರೆ ಆರು ತಿಂಗಳು ಈ ತಮ್ಮನ ಮನೆ, ಆರು ತಿಂಗಳು ಆ ತಮ್ಮನ ಮನೆ. ಅಕ್ಕ ಬಾಗಿಲ ಹಿಂದೆ ಹಾಲಿನ ತಂಬಿಗೆ ಹಿಡಿದು ನಿಂತಿದ್ದರು.

ನಮ್ಮ ಭಾವ, ಗಂಡನ ಅಣ್ಣ, ಕೆಟ್ಟವರಲ್ಲ. ಲೆಕ್ಕದ ಮನುಷ್ಯ. "ಮೇವು ಹೊಲದ್ದು, ಕೊಟ್ಟಿಗಿ ಮನೀದು, ಹಗ್ಗ ಅಪ್ಪನ ಕೈಯಾಗ ಇತ್ತು. ಎಮ್ಮಿ ಹ್ಯಾಂಗ ಅಕ್ಕಂದಾಗ್ತದ? ಕೊಟ್ಟಿದ್ರ ಕೈಬಿಟ್ಟು ಕೊಡ್ಬೇಕಿತ್ತಲ್ಲ?"

ನಾನು ಬೆಚ್ಚಿದೆ. ಇದು ಪಕ್ಕಾ ಲಾ! ಆದರೆ ಅರ್ಧ ಮಾತ್ರ. ಲಾ ಕಾಲೇಜಿನ ಇಕ್ವಿಟಿ ಕ್ಲಾಸಿನಲ್ಲಿ ನಮ್ಮ ಸರ್ ಹೇಳುತ್ತಿದ್ದರು: ಗಿಫ್ಟ್ ಕೊಡುವವನು ಕೈ ಬಿಡಬೇಕು, ಟ್ರಸ್ಟಿ, ಅಂದರೆ ಇನ್ನೊಬ್ಬರ ವಸ್ತುವನ್ನು ಅವರಿಗಾಗಿ ಕಾಯುವವನು, ಕೈ ಬಿಡಬೇಕಿಲ್ಲ; ತನ್ನ ಕೈಯಲ್ಲಿರುವುದು ಇನ್ನೊಬ್ಬರದು ಎಂದು ಹೇಳಿ, ಹಾಗೇ ನಡೆಯಬೇಕು. ಅರ್ಧಕ್ಕೆ ನಿಂತ ಗಿಫ್ಟನ್ನು ಕನಿಕರಪಟ್ಟು ಟ್ರಸ್ಟ್ ಎಂದು ಕರೆಯಲು ಬರುವುದಿಲ್ಲ.

ಸೆರಗು ಹೊದ್ದು ಬಾಗಿಲಿಗೆ ಬಂದೆ. "ಭಾವಾರ, ಮಾವ ಎಮ್ಮಿ ಕೊಟ್ಟೇನಿ ಅಂದಿಲ್ರಿ. ಆಕಿದು, ನಾ ಮೇಸಾಂವ ಅಂದಾರ. ಅಕ್ಕನ್ನ ಕೇಳಲಾರ್ದೆ ಒಂದು ಕಪ್ ಹಾಲು ಮುಟ್ಟಿಲ್ಲ."

ಭಾವ ನಕ್ಕರು. "ಬಂದ್ಳು ನೋಡ್ರಿ ನಮ್ಮ ಬ್ಯಾರಿಸ್ಟರ್! ಹಂಗಾದ್ರ ನನ್ನ ಪಾಲಿಗಿ ಬಂದ ರೇಡಿಯೋನೂ ನಿಂದೇನು ಮತ್ತ? ದಿನಾ ನಿನಗ ಕೊಟ್ಟೇನಿ ಅಂತಿದ್ದ ಅಪ್ಪ."

ಎಲ್ಲರೂ ನನ್ನನ್ನೇ ನೋಡಿದರು. ಆ ರೇಡಿಯೋ ನನಗೆ ಎಷ್ಟು ಬೇಕಿತ್ತೆಂದು ಈಗ ಹೇಳಬಹುದು. ತುಂಬಾ ಬೇಕಿತ್ತು.

"ಇಲ್ರಿ. ಅದು ನಂದಲ್ಲ. ಕೊಟ್ಟೇನಿ ಅಂದ್ರು, ಕೈ ಬಿಡಲಿಲ್ಲ. ನನ್ನದಂತ ತಿಳಕೊಂಡು ಒಂದಿನ ನನ್ನ ಕೇಳಿ ಹಚ್ಚಲೂ ಇಲ್ಲ. ಅದು ನಿಮ್ಮದೇ."

ಹಿರಿಯರೊಬ್ಬರು ಭಾವನತ್ತ ತಿರುಗಿ ಕೇಳಿದರು: "ತಮ್ಮಾ, ನಿನ್ನ ಬಸರಿ ಮಗಳ ಕುಬಸಕ್ಕ ತುಪ್ಪ ಬೇಕಾದಾಗ ನೀ ಯಾರನ್ನ ಕೇಳ್ದಿ?"

"ಅಕ್ಕನ್ನ," ಎಂದರು ಭಾವ. ತಾವೇ ಕಾಗದ ತೆಗೆದುಕೊಂಡು ಎಮ್ಮೆಯ ಸಾಲಿನ ಮೇಲೆ ಗೀಟು ಹೊಡೆದರು.

ಮರುವಾರ ಅಕ್ಕ ಎಮ್ಮೆ ಹೊಡೆದುಕೊಂಡು ಯಡ್ರಾಮಿಗೆ ಹೋದರು. ಎರಡು ಖೋಲಿಯ ಬಾಡಿಗೆ ಮನೆ, ಮುಂದೆ ಸಣ್ಣ ಕೊಟ್ಟಿಗೆ. ವರ್ಷದೊಳಗೆ ಅವರ ಮೊಸರಿಗೆ ಜನ ಮೊದಲೇ ಹೇಳಿಡಬೇಕಾಯಿತು.

ಅವರನ್ನು ಕೊನೆಯ ಸಲ ನೋಡಿದ್ದು ಗುಲ್ಬರ್ಗಾದಲ್ಲಿ, ನನ್ನ ಮಗಳ ಮದುವೆಯಲ್ಲಿ. ಅಕ್ಷತೆ ಬಿದ್ದದ್ದೇ ತಡ, ಊಟ ಮುಗಿಸಿ ಚೀಲ ಹೆಗಲಿಗೇರಿಸಿದರು.

"ಒಂದು ರಾತ್ರಿ ಇರ್ರಿ ಅಕ್ಕಾ, ಪ್ಲೀಸ್."

"ಪ್ಲೀಸ್ ಅಂದ್ರ ಎಮ್ಮಿಗಿ ತಿಳಿತದೇನ್ ಬೇ? ನನ್ನ ಕೈ ಬಿಟ್ರ ಯಾರಿಗೂ ಹಾಲು ಬಿಡಂಗಿಲ್ಲ ಅದು."

ಹೋಳಿಗೆಯ ಗಂಟನ್ನು ಎದೆಗೆ ಒತ್ತಿಕೊಂಡು, ಯಡ್ರಾಮಿ ಬಸ್ಸು ತಪ್ಪೀತೆಂದು ಆಟೋದವನನ್ನು ಗದರುತ್ತ ಹೋದರು. ತಿರುಗಿ ನೋಡಲೂ ಅವರಿಗೆ ಪುರಸೊತ್ತಿರಲಿಲ್ಲ.