ಭರಮಣ್ಣ ಹಾಕಿದ ಭಂಡಾರ

೨೦೦೧ರ ಸುಮಾರಿಗೆ ಶಹಾಪುರದ ಗಲ್ಲಿಗಳಲ್ಲಿ ಹೊಸ ನೀರಿನ ಪೈಪು ಹಾಕುತ್ತಿದ್ದರು. ಮನೆಮನೆಗೆ ಮಗ್ಗವಿದ್ದ ಹಳೆಯ ಪೇಟೆ, ಎಲ್ಲಿ ಅಗೆದರೂ ಏನಾದರೊಂದು ಸಿಗುವ ನೆಲ. ಅಗೆಯುವವರ ಹಿಂದೆ ನಿಂತು ನೋಡಿ, ಸಿಕ್ಕಿದ್ದನ್ನು ಬರೆದಿಡುವುದು ನಮ್ಮ ಪುರಾತತ್ವ ಕಚೇರಿಯ ಕೆಲಸ. ಬರೆಯುವವಳು ನಾನು, ಅನಗೋಳದ ಸುಹಾಸಿನಿ. ನಿಲ್ಲುವವರು ಭರಮಣ್ಣ.

ಭರಮಣ್ಣ ಖಾನಾಪುರದ ಕಡೆಯ ಹಳ್ಳಿಯವರು. ಕುರಿ ಕಾಯುವ ಮನೆತನ. ಕಚೇರಿಯ ಕಾವಲುಗಾರರಾಗಿ ಹದಿನೈದು ವರ್ಷವಾದರೂ ಹೆಗಲ ಮೇಲಿನ ಕಂಬಳಿ ಇಳಿದಿರಲಿಲ್ಲ, ಸೊಂಟದಲ್ಲಿ ದೇವರ ಅರಿಷಿಣದ ಸಂಚಿಯೂ ತಪ್ಪಿರಲಿಲ್ಲ. ಆ ಅರಿಷಿಣಕ್ಕೆ ಅವರು ಭಂಡಾರ ಅನ್ನುತ್ತಿದ್ದರು. ತಗ್ಗಿನ ಮಣ್ಣನ್ನು ಬೆರಳಲ್ಲಿ ತಿಕ್ಕಿ ನೋಡಿ, "ಇಲ್ಲೆ ಕುರಿ ತರಬಿ ದೊಡ್ಡಿ ಹಾಕಿದ್ರರೀ ಮೇಡಮ್ಮರ, ಭಾಳ ಹಿಂದ" ಅಂದುಬಿಡುತ್ತಿದ್ದರು. ನಾನು ನಗುತ್ತಿದ್ದೆ. ಮೂರು ಸಲ ಅವರ ಮಾತೇ ಖರೆಯಾದ ಮೇಲೆ ನಗುವುದನ್ನು ಬಿಟ್ಟೆ.

ಒಂದು ದಿನ ನಾನು ಖಾನಾಪುರದ ತಾಲೂಕು ಕಚೇರಿಗೆ ಹೋಗಿದ್ದೆ. ಮಧ್ಯಾಹ್ನ ಮೂರಕ್ಕೆ ವಾಪಸು ಬಂದರೆ ತಗ್ಗಿನ ಸುತ್ತ ಹೆಂಗಸರ ಗುಂಪು, ಒಡೆದ ತೆಂಗಿನಕಾಯಿ, ಊದುಬತ್ತಿ. ಕೆಳಗೆ ಸೊಂಟದೆತ್ತರದ ಒಂದು ವೀರಗಲ್ಲು, ಮೇಲಿಂದ ಕೆಳಗಿನವರೆಗೂ ಹಳದಿ. ಕೆಲಸದವರ ಮುಕಾದಮ ಬಂಡೆಪ್ಪ ತಲೆ ಮೇಲೆ ಕೈ ಹೊತ್ತು ಕೂತಿದ್ದ.

"ಯಾರು ಮಾಡಿದ್ದಿದು?" ಅಂದೆ.

ಭರಮಣ್ಣ ಮುಂದೆ ಬಂದರು. "ನಾನರೀ. ಕಲ್ಲ ಅಡ್ಡ ಬಂತು, ಬಂಡೆಪ್ಪನ ಮಂದಿ ಒಡ್ಯಾಕ ಹಾರಿ ಎತ್ತಿದ್ರು. ಸೀಟಿ ಊದಿದ್ರ ಮಗ್ಗದ ಸಪ್ಪಳದಾಗ ಯಾರಿಗೂ ಕೇಳಲಿಲ್ಲ. ತಗ್ಗಿನ್ಯಾಗ ಜಿಗದೆ. ಕಲ್ಲಿನ ಕೆತ್ತನ್ಯಾಗ ದನ ಕಾಯಾಂವ ನಿಂತಿದ್ದ, ಬಾಜೂಕ ಎರಡು ಆಕಳ. ಕೈ ತಾನ ಸಂಚಿಗೆ ಹೋತ್ರಿ."

ಭಂಡಾರ ಬಿದ್ದ ಕಲ್ಲಿಗೆ ಹಾರೆ ಹಾಕುವ ಧೈರ್ಯ ಯಾರಿಗಿದೆ? ಕಲ್ಲು ಉಳಿಯಿತು. ಆದರೆ ಇನ್ನು ಅದು ಗಲ್ಲಿಯ ದೇವರು. ಪೈಪೂ ಮುಂದೆ ಹೋಗುವಂತಿಲ್ಲ, ಕಲ್ಲೂ ನಮ್ಮ ಕೈಗೆ ಬರುವಂತಿಲ್ಲ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. "ಹದಿನೈದು ವರ್ಷ ಇದನ್ನ ಕಲತ್ರೇನು? ಇನ್ನ ಇದನ್ನ ಎತ್ತಾಕ ಯಾರು ಬಿಡತಾರ?" ಎಂದು ಎಲ್ಲರೆದುರೇ ಹರಿಹಾಯ್ದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು.

ಆಮೇಲೆ ಅವರೇ ಎದುರು ಮನೆಯ ಸಾವಂತ್ರವ್ವನ ಹತ್ತಿರ ಹೋದರು. ಹನ್ನೊಂದು ದಿನದಿಂದ ನಳಕ್ಕೆ ನೀರಿಲ್ಲವೆಂದು ನಮ್ಮನ್ನು ಬೈಯುತ್ತಿದ್ದ ಮುದುಕಿ, ಈಗ ದೇವರ ಕಡೆಯವಳಾಗಿದ್ದಳು.

"ಯವ್ವಾ, ನಮ್ಮ ಮಂದಿ ದೇವ್ರು ಗುಡಿ ಬೇಡೂದಿಲ್ಲ. ಕುರಿ ಹೋದಲ್ಲಿ ಕಂಬಳ್ಯಾಗ ಕುಂತು ಹೊಂಡತಾನ. ಇವನ್ನೂ ಹಂಗ ಕಚೇರಿಗೆ ಒಯ್ತೀನಿ."

"ಒಯ್ದು ತೊಳದು ಮೂಲ್ಯಾಗ ಒಗದ್ರ?"

ಭರಮಣ್ಣ ನನ್ನ ಮುಖ ನೋಡಿದರು. "ತೊಳ್ಯೂದಿಲ್ಲ" ಅಂದೆ. ಆ ಹೊತ್ತಿಗೆ ಏನು ಬೇಕಾದರೂ ಅನ್ನುತ್ತಿದ್ದೆ.

"ಮೇಡಮ್ಮರು ಮಾತು ಕೊಟ್ಟಾರ. ಅದು ನಂದೂ ಮಾತು" ಅಂದರು ಭರಮಣ್ಣ. ಕಂಬಳಿಯಲ್ಲಿ ಸುತ್ತಿ ಆರು ಜನ ಕಲ್ಲನ್ನು ಎತ್ತಿದರು. ಮರುದಿನ ಗಲ್ಲಿಗೆ ನೀರು ಬಂತು.

ಕಚೇರಿಯ ಉಗ್ರಾಣದಲ್ಲಿ ಕಲ್ಲಿಟ್ಟ ದಿನದಿಂದ ಭರಮಣ್ಣ ಹೊಸ್ತಿಲ ಹೊರಗೇ ಚಪ್ಪಲಿ ಬಿಡತೊಡಗಿದರು. ಎಂಟು ದಿನಕ್ಕೆ ಮೇಲಿನವರ ಪತ್ರ ಬಂತು: ಕಲ್ಲನ್ನು ಸ್ವಚ್ಛಗೊಳಿಸಿ ಫೋಟೋ ಕಳಿಸಿ. ಸ್ವಲ್ಪ ತಡೆಯಿರಿ ಎಂದು ಬರೆಯಬಹುದಿತ್ತು, ಬರೆಯಲಿಲ್ಲ. ಅಮಾವಾಸ್ಯೆಗೆ ಭರಮಣ್ಣ ಊರಿಗೆ ಹೋದ ದಿನವೇ ನೀರು, ಬ್ರಷ್ಷು ಹಿಡಿದು ಕೂತೆ. ಬೇಕೆಂದೇ ಆ ದಿನ ಆರಿಸಿದೆ ಅನ್ನುವುದನ್ನು ಈಗ ಮುಚ್ಚಿಟ್ಟು ಏನು ಉಪಯೋಗ? ಅರಿಷಿಣದ ಕೆಳಗೆ ಎರಡು ಸಾಲು ಅಕ್ಷರ ಎದ್ದವು. ತುರುಗಳನ್ನು, ಅಂದರೆ ದನಗಳನ್ನು, ಕಾಯಲು ಹೋಗಿ ಸತ್ತ ಮಾರ ಎಂಬವನ ಕಲ್ಲು. ಖುಷಿಗೆ ಕುಣಿಯುವುದೊಂದು ಬಾಕಿ.

ಮರುದಿನ ಭರಮಣ್ಣ ಬಂದರು. ಬಾಗಿಲಲ್ಲಿ ಎಂದಿನಂತೆ ಚಪ್ಪಲಿಯಿಂದ ಒಂದು ಕಾಲು ತೆಗೆದವರು ಒಳಗೆ ನೋಡಿ ನಿಂತರು. ನಾನು ಲಗುಬಗೆಯಿಂದ ಆ ಎರಡು ಸಾಲು ಓದಿ, ಅರ್ಥ ಹೇಳಿದೆ. ಪೂರ್ತಿ ಕೇಳಿದರು. ಆಮೇಲೆ ತೆಗೆದ ಕಾಲನ್ನು ಮತ್ತೆ ಚಪ್ಪಲಿಗೆ ಸೇರಿಸಿ, ಹಾಗೇ ಒಳಗೆ ಬಂದು, ಒರೆಸುವ ಬಟ್ಟೆ ತಗೊಂಡು ಕಲ್ಲಿನ ಬುಡದ ನೀರು ಒರೆಸಿದರು.

"ಒಣಗಸಬೇಕಿತ್ರಿ. ಹಸೀ ಇದ್ರ ಪಾಚಿ ಹಿಡಿತೈತಿ."

ಅಷ್ಟೇ. ಒಂದು ಮಾತು ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ನಿವೃತ್ತರಾಗುವವರೆಗೂ ಅವರು ಸಾವಂತ್ರವ್ವನ ಗಲ್ಲಿಗೆ ಮತ್ತೆ ಕಾಲಿಡಲಿಲ್ಲ. ಆ ಕಡೆ ಕೆಲಸ ಬಿದ್ದರೆ ಬೇರೆ ಯಾರನ್ನಾದರೂ ಕಳಿಸಿ ಎಂದು ಬೇಡಿಕೊಳ್ಳುತ್ತಿದ್ದರು.

ಹಾಗೆ ಒಮ್ಮೆ ನಾನೇ ಹೋದೆ. ಸಾವಂತ್ರವ್ವ ಕೊಡ ತುಂಬಿಸುತ್ತ ಕೇಳಿದಳು: "ನಮ್ಮ ದೇವ್ರು ಹ್ಯಾಂಗದಾನರೀ?"

"ಭರಮಣ್ಣ ನೋಡ್ಕೊಳ್ಳಾಕತ್ತಾರ" ಅಂದೆ. ಆ ಹೆಸರು ಕೇಳಿದ್ದೇ ಸಾಕಾಯಿತು, ಆಕೆ ತುಂಬಿದ ಕೊಡ ಎತ್ತಿಕೊಂಡು ಒಳಗೆ ಹೋದಳು.